ಎರಡು ಗಂಟೆಯ ಹಾಡುಗಳ ಅರ್ಥ ವಾಪಸ್ ತೆಗೆದುಕೊಳ್ಳಿ

ಬಾನುಲಿ ಸ್ವರೂಪ ವರ್ಗೀಕರಣದ ಮಾನ್ಯ ಅಧಿಕಾರಿಗಳೇ,

ತಾವು ದಪ್ಪ ಲಕೋಟೆಯಲ್ಲಿ ಹಾಕಿ ಕಳಿಸಿದ ಸ್ಪ್ಯಾನಿಷ್ ಹಾಡುಗಳ ಕನ್ನಡ ಅರ್ಥ ನಮಗೆ ತಲುಪಿದೆ. ದಯವಿಟ್ಟು ಅದನ್ನು ವಾಪಸ್ ತೆಗೆದುಕೊಳ್ಳಿ. ಅಂಚೆ ಖರ್ಚು ನಾವೇ ಹಾಕಿಕೊಳ್ಳುತ್ತೇವೆ. ನಮ್ಮ ಕಡೆಯವರು ಸರ್ಕಾರದ ಹತ್ತಿರ ಏನೇನೋ ಕೇಳಿದ್ದುಂಟು. ರಸ್ತೆ ಕೇಳಿದ್ದೇವೆ, ನೆಟ್‌ವರ್ಕ್ ಕೇಳಿದ್ದೇವೆ, ಸಂಜೆ ಇನ್ನೊಂದು ಬಸ್ಸು ಬಿಡಿ ಎಂದು ಕಾಲು ಹಿಡಿಯುವುದೊಂದು ಬಾಕಿ ಇಟ್ಟು ಕೇಳಿದ್ದೇವೆ. ಅದ್ಯಾವುದೂ ಬರಲಿಲ್ಲ. ಯಾರೂ ಕೇಳದ ಅರ್ಥ ಮಾತ್ರ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬಂತು. ಅದು ಬಂದು, ನಮ್ಮಲ್ಲಿ ಹಪ್ಪಳ ಒತ್ತುವ ಅನ್ನಪೂರ್ಣವ್ವನವರು ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಜೊತೆ ಕೂರುವುದು ತಪ್ಪಿತು. ನನ್ನ ತಕರಾರು ಇದೊಂದೇ. ಮುಂದೆ ಬರೆಯುವುದೆಲ್ಲ, ತಾವು ಕಾಗದವನ್ನು ಕೊನೆಯವರೆಗೆ ಓದುವವರು ಎಂಬ ಭ್ರಮೆಯಲ್ಲಿ ಬರೆಯುತ್ತಿರುವುದು.

ನಾನು ದೇವಕಿ. ಶಿರಸಿ ತಾಲೂಕಿನ ಹುಲಗೋಳದಲ್ಲಿ ಹೆಂಗಸರ ಹಪ್ಪಳದ ಸಂಘ ನಡೆಸುವವಳು. ನಮ್ಮದು ಹಲಸಿನ ಹಪ್ಪಳ. ಶೆಡ್ಡಿನ ಕೆಳಗೆ ಹಪ್ಪಳ, ಮೇಲಿನ ಮಾಳಿಗೆಯಲ್ಲಿ ರೇಡಿಯೋ. ಸಮುದಾಯ ಬಾನುಲಿ ಎಂದು ಪರವಾನಗಿ ಕೊಟ್ಟವರು ತಾವೇ, ಮರೆತಿರಬಹುದು. ನಮ್ಮ ದನಿ ಹುಲೇಕಲ್‌ವರೆಗೆ ಚೆನ್ನಾಗಿ ಕೇಳುತ್ತದೆ, ಶಿರಸಿ ಪೇಟೆಯಲ್ಲಿ ಗೊರಗೊರ ಎನ್ನುತ್ತದೆ, ಸಿದ್ದಾಪುರ ಯಲ್ಲಾಪುರದವರು ಮೊಬೈಲಿನಲ್ಲಿ ಕೇಳುತ್ತಾರೆ. ಬೆಳಿಗ್ಗೆ ಪೇಟೆ ಧಾರಣೆ, ಆಮೇಲೆ ಯಾರ ದನ ತಪ್ಪಿಸಿಕೊಂಡಿದೆ, ಯಾರ ಮನೆಯಲ್ಲಿ ಶುಭಕಾರ್ಯ ಇತ್ಯಾದಿ. ಮೈಕಿನ ಮುಂದೆ ಕೂರುವುದೂ, ಮಷಿನ್ನು ನೋಡಿಕೊಳ್ಳುವುದೂ ಗಗನಾ ಎಂಬ ನಮ್ಮೂರ ಹುಡುಗಿ. ಇಷ್ಟು ಬಡ ಕೇಂದ್ರದಿಂದ ದೇಶಕ್ಕೆ ಏನೂ ಅಪಾಯವಿಲ್ಲ ಎಂದು ನಾವು ತಿಳಿದಿದ್ದೆವು. ಎರಡು ಗಂಟೆಗೆ ನಾವು ಹಾಕುವ ಸ್ಪ್ಯಾನಿಷ್ ಹಾಡು ತಮ್ಮ ಊಟದ ನಂತರದ ನಿದ್ದೆ ಕೆಡಿಸುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಹುಲಗೋಳದ ಹಪ್ಪಳಕ್ಕೂ ಸ್ಪೇನಿಗೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ತಮ್ಮ ಮೊದಲ ನೋಟೀಸಿನಲ್ಲಿ ಕೇಳಿದ್ದಿರಿ. ಸಂಬಂಧ ಇಲ್ಲ. ಇಲ್ಲದ್ದಕ್ಕೇ ಹಾಕಿದ್ದು. ಮೊದಲು ಆ ಹೊತ್ತಿಗೆ ತಾಳಮದ್ದಳೆ ಹಾಕುತ್ತಿದ್ದೆವು. ತಮ್ಮ ಕಡೆ ಇದು ಇಲ್ಲದಿರಬಹುದು, ಹಾಗಾಗಿ ಹೇಳುತ್ತೇನೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ್ಯ ಹಾಡುತ್ತಾರೆ, ಪಾತ್ರ ವಹಿಸಿದವರು ಕೂತಲ್ಲೇ ಅದಕ್ಕೆ ತಮ್ಮ ಮಾತಿನಲ್ಲಿ ಅರ್ಥ ಹೇಳುತ್ತಾರೆ. ಪದ್ಯ ನಾಲ್ಕೇ ಸಾಲು, ಅರ್ಥ ಮುಕ್ಕಾಲು ಗಂಟೆ. ಅದೇ ಪದ್ಯಕ್ಕೆ ಇವತ್ತು ಹೇಳಿದ ಅರ್ಥ ನಾಳೆ ಇರುವುದಿಲ್ಲ, ಇವರು ಹೇಳಿದ್ದನ್ನು ಅವರು ಒಪ್ಪುವುದಿಲ್ಲ. ಕೇಳುವ ನಾವೂ ಸುಮ್ಮನೆ ಕೂರುವ ಜಾತಿಯಲ್ಲ. ರೇಡಿಯೋದಲ್ಲಿ ರಾಜ ಒಂದು ಮಾತು ಆಡಿದರೆ ಸಾಕು, ನಮ್ಮ ದಾಕ್ಷಾಯಿಣಿ ಹಪ್ಪಳ ಒತ್ತುವ ಮಣೆ ಬಿಟ್ಟು ಎದ್ದು ನಿಲ್ಲುತ್ತಿದ್ದಳು. "ಅಂವ ಮಾತು ಕೊಟ್ಟ ಹೇಳಿ ರಾಣಿ ಎಂತಕ್ಕೆ ಉಪವಾಸ ಬೀಳವು? ಅದನ್ನ ಹೇಳು ಮೊದ್ಲು!" ಎಂದು ರೇಡಿಯೋಕ್ಕೇ ಜಗಳ. ರೇಡಿಯೋ ಉತ್ತರ ಕೊಡುವುದಿಲ್ಲವಲ್ಲ, ರಾಜನ ಪರವಾಗಿ ಇನ್ನೊಬ್ಬಳು ಏಳುತ್ತಿದ್ದಳು. ಇತ್ತ ಹಿಟ್ಟಿನ ಉಂಡೆ ಒಣಗಿ ಕಲ್ಲಾಗುತ್ತಿತ್ತು. ಒತ್ತಿದ ಹಪ್ಪಳ ಒಂದು ಕಡೆ ದೋಸೆಯ ದಪ್ಪ, ಇನ್ನೊಂದು ಕಡೆ ತೂತು. ಶಿರಸಿಯ ಅಂಗಡಿಯವರು "ಇದೆಂತದು ಮಾರಾಯ್ತಿ, ಹಪ್ಪಳವಾ ಹಂಚಾ?" ಎಂದು ವಾಪಸ್ ಕಳಿಸಿದರು.

ಸರಿ, ತಾಳಮದ್ದಳೆ ಬೇಡ ಎಂದು ಕನ್ನಡದ ಭಾವಗೀತೆ ಹಾಕಿದೆವು. ಅದರಲ್ಲೂ ಒಬ್ಬಳು ಹಾಡುಗಾರ್ತಿ ಬೆಳದಿಂಗಳಲ್ಲಿ ಇನಿಯನಿಗಾಗಿ ಕಾಯುತ್ತಾಳೆ ಎಂದ ಕೂಡಲೇ, ಅವಳಿಗೆ ಮನೆಗೆಲಸ ಇಲ್ಲವೇ, ಅತ್ತೆ ಎಲ್ಲಿ ಹೋಗಿದ್ದಾಳೆ ಎಂದು ವಿಚಾರಣೆ ಶುರು. ಹಿಂದಿ ಹಾಕಿದರೆ, ಧಾರಾವಾಹಿ ನೋಡಿ ನೋಡಿ ಅದೂ ಎಲ್ಲರಿಗೂ ಬರುತ್ತದೆ. ನಮ್ಮವರಿಗೆ ಅರ್ಥವಾದ ಮಾತಿಗೆಲ್ಲ ಉತ್ತರ ಕೊಟ್ಟೇ ಅಭ್ಯಾಸ. ಕೊನೆಗೆ ನಾನು ಗಗನಾಳಿಗೆ ಹೇಳಿದೆ, ನಂಗ್ಳಿಗೆ ಯಾರಿಗೂ ತಿಳಿಯದ ಭಾಷೆಯ ಹಾಡು ಹುಡುಕು, ರಾಗ ಮಾತ್ರ ಚೊಲೋ ಇರಲಿ ಎಂದು. ಅವಳು ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಪ್ರಸಾರ ಮಾಡಬಹುದಾದ ಸ್ಪ್ಯಾನಿಷ್ ಹಾಡಿನ ಗಂಟೊಂದನ್ನು ಹುಡುಕಿ ತಂದಳು. ಮೊದಲ ದಿನ ಹಾಕಿದಾಗ ಎಲ್ಲರ ಕಣ್ಣೂ ಮಣೆಯ ಮೇಲೇ ಇತ್ತು. ಜಗಳವಾಡುವುದಕ್ಕೆ ಯಾರಿಗೂ ಏನೂ ಸಿಗಲಿಲ್ಲ. ನಿಧಾನದ ಹಾಡಿಗೆ ಮಣೆ ಮೆಲ್ಲಗೆ ಕೂತು ಹಪ್ಪಳ ತೆಳ್ಳಗೆ, ದುಂಡಗೆ ಬಂತು. ಜೋರಿನ ಹಾಡು ಬಂದಾಗ ಒತ್ತುವುದು ಬಿಟ್ಟು ಉಂಡೆ ಕಟ್ಟಿದೆವು. ಅವತ್ತಿನಿಂದ ನಮ್ಮಲ್ಲಿ ಒತ್ತುವ ಹಾಡು, ಉಂಡೆ ಹಾಡು ಎಂದೇ ಹೆಸರು.

ಆದರೆ ಹುಟ್ಟುಗುಣ ಎಲ್ಲಿ ಹೋಗುತ್ತದೆ? ವಾರ ಕಳೆಯುವುದರೊಳಗೆ ದಾಕ್ಷಾಯಿಣಿ ಒಂದು ಹಾಡಿಗೆ ಅರ್ಥ ಹೇಳಲು ಕೂತಳು. ಹಾಡುವ ಗಂಡಸಿಗೆ ಯಲ್ಲಾಪುರದ ಕೊನೆಯ ಬಸ್ಸು ತಪ್ಪಿದೆಯಂತೆ, ಅದಕ್ಕೆ ಕೂಗುತ್ತಿದ್ದಾನಂತೆ. ಎಲ್ಲರೂ ನಕ್ಕೆವು, ಆದರೆ ಕೈ ನಿಲ್ಲಲಿಲ್ಲ. ಅವಳ ಅರ್ಥಕ್ಕೆ ಆಧಾರವೂ ಇಲ್ಲ, ವಿರೋಧವೂ ಇಲ್ಲ. ದಿನಕ್ಕೊಬ್ಬರು ಹಾಡಿಗೊಂದು ಅರ್ಥ ಹೇಳುವ ಪದ್ಧತಿ ಹೀಗೆ ಬಿತ್ತು. ಭಾಗವತರು ಸ್ಪೇನಿನವರು, ಅರ್ಥ ಹುಲಗೋಳದ್ದು. ಹೀಗಿದ್ದಾಗ ಒಂದು ಮಧ್ಯಾಹ್ನ ಒಬ್ಬ ಹೆಣ್ಣುಮಗಳು ಮೆತ್ತಗೆ ಹಾಡುವ ಹಾಡು ಬಂತು. ಅದುವರೆಗೆ ಬಾಯಿ ಬಿಡದ ಅನ್ನಪೂರ್ಣವ್ವ ತಲೆ ಎತ್ತದೆ ಹೇಳಿದರು, "ಅಂಗಡಿಗೆ ಹೊಸಾ ಸೀರಿ ಬಂದಾವಂತ. ಹಸರು ಅಂಚಿಂದು ಒಂದು ತಗದಿಟ್ಟೀನಿ ಅನ್ನಾಕ್ಹತ್ಯಾಳ."

ಅನ್ನಪೂರ್ಣವ್ವ ಬನವಾಸಿ ಕಡೆಯವರು. ಈಗ ಶಿರಸಿಯಲ್ಲಿ ತಮ್ಮನ ಮನೆಯಲ್ಲಿದ್ದಾರೆ, ಬೆಳಗಿನ ಬಸ್ಸಿಗೆ ನಮ್ಮಲ್ಲಿಗೆ ಕೆಲಸಕ್ಕೆ ಬರುತ್ತಾರೆ. ಅವರಿಗೆ ಇದ್ದವಳು ಒಬ್ಬಳೇ ಮಗಳು, ಶಾಂಭವಿ. ಸಿದ್ದಾಪುರದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಊಟದ ಹೊತ್ತಿಗೆ ಅಂಗಡಿಯಲ್ಲಿ ಗಿರಾಕಿ ಕಡಿಮೆ, ಎರಡು ಗಂಟೆಗೆ ಅವ್ವನಿಗೆ ಫೋನ್ ಮಾಡುವಳು. ದೊಡ್ಡ ಮಾತೇನಿಲ್ಲ, ಏನು ಪಲ್ಯ ಮಾಡಿದಿ, ಇವತ್ತು ಇಂಥ ಸೀರೆ ಬಂತು, ಮಾಲಕರು ಇಂಥವರಿಗೆ ಬೈದರು, ಇಷ್ಟೇ. ಎರಡು ವರ್ಷದ ಹಿಂದೆ ಜ್ವರ ಬಂದು ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ. ಸಮಾಧಾನ ಹೇಳಲು ಹೋದವರೆಲ್ಲ ಮಾತಿನ ಮೇಲೆ ಮಾತು ಹೇಳಿ ಬಂದೆವು. ನಾನೂ ಹೇಳಿದೆ. ಅವರು ಎಲ್ಲದಕ್ಕೂ "ಹೌದ್ರಿ ಅಕ್ಕಾರ" ಎಂದರು, ಅಷ್ಟೇ. ಅತ್ತಿದ್ದನ್ನು ಯಾರೂ ನೋಡಲಿಲ್ಲ, ಮಗಳ ಹೆಸರು ಹೇಳಿದ್ದನ್ನು ಯಾರೂ ಕೇಳಲಿಲ್ಲ.

ಅವತ್ತು ಹಾಡು ಮುಗಿದ ಮೇಲೆ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಮುಖ ನೋಡಿ ಅವರೇ ಹೇಳಿದರು: "ನನಗ ತಲಿ ಕೆಟ್ಟೈತಿ ಅಂತ ತಿಳೀಬ್ಯಾಡ್ರಿ. ಅದು ಹಾಡು ಅನ್ನೋದು ನನಗೂ ಗೊತ್ತೈತಿ. ನೀವೆಲ್ಲಾ ಅರ್ಥ ಹೇಳೂದಿಲ್ಲೇನು? ಹಂಗ ನಾನೂ ಒಂದು ಹೇಳಿದೆ." ದಾಕ್ಷಾಯಿಣಿಯಂಥ ದಾಕ್ಷಾಯಿಣಿ ಬಾಯಿಗೆ ಸೆರಗು ಹಚ್ಚಿಕೊಂಡು ಕೂತಳು. ಮರುದಿನ ಅದೇ ಹಾಡು ಬಂದಾಗ ಅನ್ನಪೂರ್ಣವ್ವ ಹೇಳಲಿ ಎಂದು ಎಲ್ಲರೂ ಕಾದೆವು. ಆ ದಿನ ಶಾಂಭವಿ ಬದನೆಕಾಯಿ ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂದಳು. ಆಮೇಲೆ ಆ ಹಾಡುಗಾರ್ತಿಯ ಹಾಡುಗಳೆಲ್ಲ ಅವರ ಪಾಲಿಗೇ ಬಂದವು. ಮಾಲಕರ ಮಗನಿಗೆ ಹೆಣ್ಣು ನೋಡಿದ್ದು, ಕಾಲಿಗೆ ಮುಳ್ಳು ಚುಚ್ಚಿದ್ದು, ಸಿದ್ದಾಪುರದಲ್ಲಿ ಕರೆಂಟು ಹೋದದ್ದು, ಎಲ್ಲ ಬಂತು. ಮಗಳ ಹೆಸರನ್ನು ಅವರು ದಿನಾ ಹೇಳತೊಡಗಿದರು. ಒಮ್ಮೊಮ್ಮೆ ನಗುತ್ತಿದ್ದರು, ಒಮ್ಮೊಮ್ಮೆ ಕಣ್ಣೊರೆಸಿಕೊಂಡು ಹಿಟ್ಟಿನ ಖಾರ ಎನ್ನುತ್ತಿದ್ದರು. ಮನುಷ್ಯರು ಮನುಷ್ಯರಂತೆ ಆಗುವುದನ್ನು ನಾನು ಆ ಶೆಡ್ಡಿನಲ್ಲಿ ಕಣ್ಣಾರೆ ನೋಡಿದೆ, ಸ್ವಾಮಿ.

ಇಂಥ ಹೊತ್ತಿಗೆ ತಮ್ಮ ಸುತ್ತೋಲೆ ಬಂತು. ಸ್ಪ್ಯಾನಿಷ್ ಪಾಪ್ ಒಂದು ಸ್ವರೂಪ, ಸ್ಪ್ಯಾನಿಷ್ ಬಲ್ಲಾಡ್ ಇನ್ನೊಂದು ಸ್ವರೂಪ, ಒಂದೇ ಗಂಟೆಯಲ್ಲಿ ಎರಡನ್ನೂ ಬೆರೆಸುವುದು ನಿಯಮಬಾಹಿರ ಎಂದು. ಅಮೆರಿಕದಲ್ಲಿ, ಮೆಕ್ಸಿಕೋದಲ್ಲಿ ಈ ಹಾಡಿನ ಸ್ಟೇಷನ್ನುಗಳು ತಮ್ಮನ್ನು ಹೇಗೆ ವಿಂಗಡಿಸಿಕೊಳ್ಳುತ್ತವೆ ಎಂದು ತಾವು ಬಹಳ ಅಧ್ಯಯನ ಮಾಡಿದಂತೆ ಕಾಣುತ್ತದೆ. ಹೊಸ ಹಾಡು, ಲವಲವಿಕೆ, ಎಳೆಯ ಕೇಳುಗರು ಇದ್ದರೆ ಪಾಪ್. ಹತ್ತಿಪ್ಪತ್ತು ವರ್ಷ ಹಳೆಯದು, ಪ್ರೇಮ, ನಿಧಾನ, ಇಪ್ಪತ್ತೈದರಿಂದ ಐವತ್ತನಾಲ್ಕು ವಯಸ್ಸಿನ ಮಹಿಳೆಯರು ಇದ್ದರೆ ಬಲ್ಲಾಡ್. ಅಕಾರ್ಡಿಯನ್ ಕೇಳಿಸಿದರೆ ಎರಡೂ ಅಲ್ಲ, ಕಹಳೆಯ ಗುಂಪು ಕೇಳಿಸಿದರೆ ಅದರ ಇಲಾಖೆಯೇ ಬೇರೆ, ಕುಣಿಯಬೇಕೆನಿಸಿದರೆ ಮತ್ತೂ ಬೇರೆ. ಅಲ್ಲಿಯವರಿಗೆ ಅದು ವ್ಯಾಪಾರ. ಸೋಪು ಮಾರಬೇಕು, ಕಾರು ಮಾರಬೇಕು, ಯಾರು ಕೇಳುತ್ತಾರೆ ಎಂದು ಜಾಹೀರಾತಿನವರಿಗೆ ಹೇಳಲು ಇಂಥ ಬೇಲಿ ಹಾಕಿಕೊಂಡಿದ್ದಾರೆ. ಹಾಗೆ ಹಾಕಿಕೊಂಡೂ ಅರ್ಧಕ್ಕರ್ಧ ಸ್ಟೇಷನ್ನಿನವರು ‘ನಮ್ಮದು ಪಾಪ್ ಮತ್ತು ಬಲ್ಲಾಡ್’ ಎಂದು ಎರಡೂ ಹೆಸರು ಹೇಳಿ ಹೊತ್ತು ಕಳೆಯುತ್ತಾರೆ ಎಂದು ತಮ್ಮ ಸುತ್ತೋಲೆಯ ಅಡಿಟಿಪ್ಪಣಿಯಲ್ಲೇ ಇದೆ. ಅವರಿಗೆ ಬಾರದ ಶಿಸ್ತು ಹಪ್ಪಳದವರಿಗೆ ಬರಬೇಕೇ? ನಾವು ಯಾರಿಗೆ ಏನು ಮಾರುತ್ತಿದ್ದೇವೆ? ಎರಡು ಗಂಟೆಗೆ ಒಂದು ಜಾಹೀರಾತೂ ಇಲ್ಲ, ಹಪ್ಪಳದ್ದೂ ಇಲ್ಲ.

ಅನ್ನಪೂರ್ಣವ್ವನವರಿಗೆ ಐವತ್ತೇಳು. ತಾವು ಕೇಳುಗರ ವಯಸ್ಸು ಕೇಳಿದ್ದಿರಿ, ನಾವು ಪ್ರಾಮಾಣಿಕವಾಗಿ ಬರೆದು ಕಳಿಸಿದೆವು. ವಯೋಮಿತಿ ಮೀರಿದ ಸದರಿ ಕೇಳುಗರನ್ನು ‘ಹಳೆಯ ಮಧುರ’ ಸ್ವರೂಪಕ್ಕೆ ವರ್ಗಾಯಿಸತಕ್ಕದ್ದು ಎಂದು ತಮ್ಮಿಂದ ಉತ್ತರ ಬಂತು. ವರ್ಗಾಯಿಸುವುದು ಎಂದರೆ ಹೇಗೆ, ದಯವಿಟ್ಟು ವಿವರಿಸಿ. ಎರಡು ಗಂಟೆಗೆ ಅವರನ್ನು ಎಬ್ಬಿಸಿ ಪಕ್ಕದ ಶೆಡ್ಡಿನಲ್ಲಿ ಕೂರಿಸಬೇಕೇ? ಕಿವಿಗೆ ಹತ್ತಿ ಇಡಬೇಕೇ? ಕೇಳುಗರ ಅಭಿಪ್ರಾಯದ ಧ್ವನಿಮುದ್ರಣ ಬೇಕು ಎಂದಿರಿ. ಚಂದಗುಳಿಯಿಂದ ಒಬ್ಬರು ಫೋನಿನಲ್ಲಿ ಬಹಳ ಹೊತ್ತು ಹೊಗಳಿದ್ದರು, ಅದನ್ನೇ ಕಳಿಸಿದೆವು. ಅವರು ಘಂಟಿಗಣೇಶನ ದೇವಸ್ಥಾನದ ಹೊರಗೆ ನಿಂತು ಮಾತಾಡಿದ್ದರು, ಹರಕೆಯ ಗಂಟೆಗಳು ಹಿಂದಿನಿಂದ ಢಣಢಣ ಎನ್ನುತ್ತಿದ್ದವು. ‘ಕಾರ್ಯಕ್ರಮದಲ್ಲಿ ಲೋಹದ ತಾಳವಾದ್ಯ ಬಳಕೆ ಕಂಡುಬಂದಿದ್ದು, ಇದು ಬಲ್ಲಾಡ್ ಸ್ವರೂಪಕ್ಕೆ ಹೊಂದುವುದಿಲ್ಲ’ ಎಂದು ಷರಾ ಬರೆದಿರಿ. ಗಣಪತಿಗೆ ನೋಟೀಸು ಹೋಗಿದೆಯೋ ಇಲ್ಲವೋ ನಮಗೆ ತಿಳಿದಿಲ್ಲ.

ಆಮೇಲೆ ತಮ್ಮ ಪರಿವೀಕ್ಷಕರು ಬಂದರು. ಪಾಪ, ಮನುಷ್ಯ ಕೆಟ್ಟವರಲ್ಲ. ಘಟ್ಟದ ತಿರುವಿಗೆ ಹೊಟ್ಟೆ ತೊಳಸಿ ಸುಸ್ತಾಗಿದ್ದರು, ಮಜ್ಜಿಗೆ ಕೊಟ್ಟೆವು. ಕೈಯಲ್ಲಿ ಲಯ ಅಳೆಯುವ ಯಂತ್ರ. ಹಾಡಿನ ಹತ್ತಿರ ಹಿಡಿದರೆ ಅದು ನಮ್ಮ ಮಣೆಯ ಪೆಟ್ಟು ಎಣಿಸುತ್ತಿತ್ತು. ಒಬ್ಬೊಬ್ಬರನ್ನೇ ಕೂರಿಸಿ, ಈ ಹಾಡು ಕೇಳಿದಾಗ ತಮಗೆ ಪ್ರಣಯದ ಭಾವನೆ ಬರುತ್ತದೆಯೇ ಎಂದು ಕೇಳಿದರು. ದಾಕ್ಷಾಯಿಣಿ ನಕ್ಕು ನಕ್ಕು ಉಂಡೆಯ ತಟ್ಟೆ ಮಗುಚಿ ಹಾಕಿದಳು. ಅನ್ನಪೂರ್ಣವ್ವ ಮಾತ್ರ ಗಂಭೀರವಾಗಿ ಯೋಚಿಸಿ, "ಸಾಹೇಬ್ರ, ನಿಮಗ ಹಸಿವಾಗೈತಿ ಕಾಣಸ್ತದ. ಎರಡು ಹಪ್ಪಳ ಕರೀಲೇನು?" ಎಂದರು. ಅವರು ‘ಪ್ರತಿಕ್ರಿಯೆ: ಮಾತೃಭಾವ’ ಎಂದು ಬರೆದುಕೊಂಡು ಹಪ್ಪಳ ತಿಂದರು.

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಅಷ್ಟರಲ್ಲಿ ನನ್ನ ಯಜಮಾನರು ಬಂದರು. ವೆಂಕಟ್ರಮಣ ಹೆಗಡೆ ಎಂದು ಅವರ ಹೆಸರು. ತಾಳಮದ್ದಳೆಯಲ್ಲಿ ಅರ್ಥ ಹೇಳುವ ಹುಚ್ಚು. ಯಾರೇ ಹೊಸಬರು ಕಂಡರೂ ಎದುರಾಳಿ ಸಿಕ್ಕ ಎಂದೇ ಅವರ ಲೆಕ್ಕ. ಪಾಪ್‌ಗೂ ಬಲ್ಲಾಡ್‌ಗೂ ಭೇದವೇನು ಎಂದು ಪರಿವೀಕ್ಷಕರನ್ನು ಕೇಳಿ, ಅವರು ಹೇಳುವುದರೊಳಗೆ ತಾವೇ ಶುರು ಮಾಡಿದರು. "ಅಯ್ಯಾ, ಕಳೆದುಹೋದದ್ದಕ್ಕೆ ಅತ್ತರೆ ಬಲ್ಲಾಡ್. ಕಳೆದುಹೋಗುತ್ತಿರುವುದಕ್ಕೆ ಅತ್ತರೆ ಪಾಪ್. ಅಳುವವನಿಗೆ ತಾನು ಯಾವುದಕ್ಕೆ ಅಳುತ್ತಿದ್ದೇನೆಂದು ತಿಳಿಯದಿದ್ದರೆ ಅದು ಜಾಹೀರಾತು!" ಎಂದು ತೊಡೆ ತಟ್ಟಿದರು. ನಾನು ಕಣ್ಸನ್ನೆ ಮಾಡಿದೆ, ಕಾಲು ತುಳಿದೆ, "ಸಾಕು ಬಿಡಿ" ಎಂದೆ. ಯಾರು ಕೇಳಬೇಕು? ಪರಿವೀಕ್ಷಕರು ತಲೆ ಬಗ್ಗಿಸಿ ಬರೆದುಕೊಳ್ಳುತ್ತಲೇ ಇದ್ದರು. ತಿಂಗಳೊಳಗೆ ತಮ್ಮ ಪರಿಷ್ಕೃತ ಸುತ್ತೋಲೆ ಬಂತು. ಅದರ ವ್ಯಾಖ್ಯಾನದ ಭಾಗದಲ್ಲಿ ‘ಬಲ್ಲಾಡ್ ಎಂದರೆ ಕಳೆದುಹೋದ ವಿಷಯ ಕುರಿತಾದ ರೋದನ’, ‘ಪಾಪ್ ಎಂದರೆ ಕಳೆದುಹೋಗುತ್ತಿರುವ ವಿಷಯ ಕುರಿತಾದ ರೋದನ’ ಎಂದು ಅಚ್ಚಾಗಿದೆ. ದೇಶದ ಬಾನುಲಿ ಕೇಂದ್ರಗಳೆಲ್ಲ ಈಗ ನನ್ನ ಗಂಡನ ಬಾಯಿಗೆ ಬಂದ ಮಾತಿನಂತೆ ನಡೆಯಬೇಕು. ಮನೆಯಲ್ಲಿ ಅವರನ್ನು ಹಿಡಿಯುವವರಿಲ್ಲ. ಸುತ್ತೋಲೆಗೆ ಪ್ಲಾಸ್ಟಿಕ್ ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಈ ಒಂದು ಅಪರಾಧಕ್ಕೇ ತಮ್ಮ ಮೇಲೆ ನಾನು ಪ್ರತ್ಯೇಕ ಪತ್ರ ಬರೆಯಬಹುದಿತ್ತು.

ವ್ಯಾಖ್ಯಾನ ಆಯಿತು, ಇನ್ನು ಯಾವ ಹಾಡು ಯಾವುದಕ್ಕೆ ಸೇರಿತು ಎಂದು ಕೇಳುಗರಿಗೆ ಗೊತ್ತಾಗಬೇಕಲ್ಲ? ಅದಕ್ಕೆ ತಾವು ಆ ಹಾಡುಗಳಿಗೆಲ್ಲ ಅಧಿಕೃತ ಕನ್ನಡ ಅರ್ಥ ಮಾಡಿಸಿ ಕಳಿಸಿದಿರಿ. ಪ್ರತಿ ಹಾಡಿಗೆ ಮೊದಲು ಅರ್ಥ ಓದಬೇಕು, ಸ್ವರೂಪ ಹೇಳಬೇಕು, ಇಲ್ಲದಿದ್ದರೆ ಪರವಾನಗಿ ರದ್ದು. ಇದನ್ನು ಓದಿ ನನ್ನ ಯಜಮಾನರಿಗೇ ಸಿಟ್ಟು ಬಂತು. "ಅರ್ಥ ಬೇಕೇ ಬೇಕು ಹೇಳಿ ಇದ್ರೆ ಆನು ಹೇಳ್ತೆ, ಸರ್ಕಾರ ಎಂತಕ್ಕೆ ಹೇಳವು?" ಎಂದರು. ಅವರು ಹುಟ್ಟಿದಂದಿನಿಂದ ಆಡಿದ್ದರಲ್ಲಿ ನಾನು ಪೂರ್ತಿ ಒಪ್ಪುವ ಮಾತು ಅದೊಂದು. ಆದರೂ ರೇಡಿಯೋ ಮುಚ್ಚಿದರೆ ಊರಿಗೇ ನಷ್ಟ. ಒಂದು ದಿನ ಓದಿ ನೋಡೋಣ, ಯಾರು ಕಿವಿಗೊಟ್ಟು ಕೇಳುತ್ತಾರೆ ಎಂದು ನಾನೇ ಹೇಳಿದೆ. ಮಾಳಿಗೆಯ ಮೇಲೆ ಗಗನಾ ಓದತೊಡಗಿದಳು. ‘ಎಲೈ ಮನದನ್ನೆಯೇ, ನಿನ್ನ ನಯನಗಳ ಸಾಗರದಲ್ಲಿ ನನ್ನ ನೌಕೆಯು ಮುಳುಗಡೆ ಹೊಂದಿರುತ್ತದೆ. ಸ್ವರೂಪ: ಬಲ್ಲಾಡ್.’ ಕೆಳಗೆ ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಅನ್ನಪೂರ್ಣವ್ವನೂ ನಕ್ಕರು. "ಮುಳುಗಡೆ ಅಂದ್ರ ಪರಿಹಾರ ಸಿಗ್ತದೇನ್ರಿ ಅವಂಗ?" ಎಂದು ಅವರೇ ಕೇಳಿದ್ದು. ಹಾಗೆ ಮೂರ್ನಾಲ್ಕು ಹಾಡು ಹೋಯಿತು. ಇದೂ ಒಂದು ತಮಾಷೆಯೇ ಆಯಿತಲ್ಲ ಎಂದು ನನಗೆ ಸಮಾಧಾನವಾಗಿತ್ತು.

ಆಮೇಲೆ ಆ ಹೆಣ್ಣುಮಗಳ ಹಾಡು, ನಾವು ಸೀರೆ ಹಾಡು ಎಂದು ಕರೆಯುವ ಹಾಡು, ಅದರ ಸರದಿ ಬಂತು. ಗಗನಾ ಮುಂದಾಗಿ ಓದಿಕೊಂಡಿರಲಿಲ್ಲ. ಓದಿಕೊಂಡಿದ್ದರೆ ಕೆಮ್ಮಿಯೋ, ಕರೆಂಟು ತೆಗೆದೋ ಏನಾದರೂ ಮಾಡುತ್ತಿದ್ದಳು. ತಾವು ಕಳಿಸಿದ್ದನ್ನು ಇದ್ದ ಹಾಗೆ ಓದಿದಳು. ‘ಇನ್ನು ಮುಂದೆ ನನಗೆ ಕರೆ ಮಾಡಬೇಡ. ನಿನ್ನ ದನಿ ನನಗೆ ಬೇಕಾಗಿಲ್ಲ. ನಾನು ನಿನ್ನನ್ನು ಮರೆತಿದ್ದೇನೆ, ನನ್ನ ದಾರಿಯಲ್ಲಿ ನಾನು ಹೋಗಿದ್ದೇನೆ. ಸ್ವರೂಪ: ಬಲ್ಲಾಡ್.’ ಅಷ್ಟು ಓದಿ ಹಾಡು ಬಿಟ್ಟಳು. ಕೆಳಗೆ ಯಾರ ಮಣೆಯೂ ಏಳಲಿಲ್ಲ. ನಾನು ಅನ್ನಪೂರ್ಣವ್ವನ ಮುಖ ನೋಡುವ ಧೈರ್ಯ ಮಾಡಲಿಲ್ಲ, ಅವರ ಕೈ ನೋಡುತ್ತಿದ್ದೆ. ಒತ್ತಿದ ಹಪ್ಪಳದ ಮೇಲಿನ ಹಾಳೆ ಬಿಡಿಸುತ್ತಿದ್ದ ಕೈ ಹಾಗೇ ನಿಂತಿತ್ತು. ಹಾಡು ಪೂರ್ತಿ ಮುಗಿಯುವವರೆಗೆ ಅವರು ಕೂತಿದ್ದರು. ಆಮೇಲೆ ಸಿಟ್ಟಿಲ್ಲದೆ, ಅಂಗಡಿಯವರು ಬೇರೆ ಬಣ್ಣದ ಬಟ್ಟೆ ಕೊಟ್ಟಾಗ ಹೇಳುವ ಹಾಗೆ ಹೇಳಿದರು, "ಆಕಿ ಹಂಗ ಅನ್ನಾಕಿ ಅಲ್ರೀ." ಎದ್ದು ಹೋಗಿ ಕೈ ತೊಳೆದುಕೊಂಡರು.

ಗಗನಾ ಮೇಲಿನಿಂದ ಓಡಿ ಬಂದಳು. "ದೇವಕತ್ತೆ, ಯಂಗೆ ಗೊತ್ತಿತ್ತಿಲ್ಲೆ, ದೇವರಾಣೆ ಗೊತ್ತಿತ್ತಿಲ್ಲೆ" ಎಂದು ಅತ್ತಳು. ಅವಳನ್ನು ಬೈದು ಏನು ಬಂತು? ನಾವೆಲ್ಲ ಅನ್ನಪೂರ್ಣವ್ವನ ಸುತ್ತ ಕೂತು ಹೇಳಿದೆವು: ಅದು ಯಾವನೋ ಕಚೇರಿಯಲ್ಲಿ ಕೂತು ಬರೆದದ್ದು, ಸುಳ್ಳು, ಅವನಿಗೆ ಸ್ಪ್ಯಾನಿಷ್ಷೂ ಬರುವುದಿಲ್ಲ ಕನ್ನಡವೂ ಬರುವುದಿಲ್ಲ. ನನ್ನ ಯಜಮಾನರು ಬಂದು, ಒಂದು ಪದ್ಯಕ್ಕೆ ಸಾವಿರ ಅರ್ಥ ಉಂಟು ಎಂದು ಎಂದಿಲ್ಲದ ಮೆತ್ತನೆಯ ದನಿಯಲ್ಲಿ ತಿಳಿಸಿ ಹೇಳಿದರು. ಅನ್ನಪೂರ್ಣವ್ವ ಎಲ್ಲ ಕೇಳಿಸಿಕೊಂಡು, "ಹೌದ್ರಿ. ಆದ್ರ ಅದಕ್ಕ ಸರ್ಕಾರದ ಸೀಲ್ ಐತಲ್ರೀ" ಎಂದರು. ಜಮೀನಿನ ಪಹಣಿ, ರೇಷನ್ ಕಾರ್ಡು, ಮಗಳ ಮರಣದ ಪ್ರಮಾಣಪತ್ರ, ಎಲ್ಲದರ ಮೇಲೂ ಅದೇ ಗೋಲ ಸೀಲು ನೋಡಿದವರು. ಅದು ಬಿದ್ದ ಮೇಲೆ ಅಳಿಸಿದ್ದನ್ನು ಅವರು ಯಾವತ್ತೂ ಕಂಡಿಲ್ಲ. ಆ ಸೀಲಿನೆದುರು ನಮ್ಮ ಬಾಯಿಮಾತಿಗೆ ಏನು ಬೆಲೆ?

ಈಗ ಅವರು ಕೆಲಸಕ್ಕೆ ಬರುತ್ತಾರೆ, ಇಲ್ಲ ಎನ್ನುವುದಿಲ್ಲ. ಎರಡು ಗಂಟೆ ಆಗುತ್ತಲೇ ಎದ್ದು ಅಂಗಳಕ್ಕೆ ಹೋಗುತ್ತಾರೆ, ಒಣಗಲು ಹಾಕಿದ ಹಪ್ಪಳದ ಚಾಪೆಯ ಪಕ್ಕ ಕೋಲು ಹಿಡಿದು ನಿಲ್ಲುತ್ತಾರೆ. ಕಾಗೆ ಬರ್ತಾವ್ರೀ ಎನ್ನುತ್ತಾರೆ. ಆ ಬಿಸಿಲಿಗೆ ಯಾವ ಕಾಗೆಯೂ ಬರುವುದಿಲ್ಲ. ನಾವು ರೇಡಿಯೋ ಬಂದ್ ಮಾಡಿ ನೋಡಿದೆವು, ಆಗಲೂ ಒಳಗೆ ಬರಲಿಲ್ಲ. ಹಿಂದಿನ ಹಾಡನ್ನೇ ಅರ್ಥವಿಲ್ಲದೆ ಹಾಕಿದೆವು, ಬಾಗಿಲವರೆಗೆ ಬಂದು ಕೇಳಿ ಮತ್ತೆ ಹೊರಗೆ ಹೋದರು. ಶಾಂಭವಿಯ ಹೆಸರು ಅವರ ಬಾಯಲ್ಲಿ ಮತ್ತೆ ಬಂದಿಲ್ಲ. ನನಗೆ ಹೊಟ್ಟೆ ಉರಿಯುತ್ತದೆ, ಅಧಿಕಾರಿಗಳೇ. ಜ್ವರ ಒಂದು ಸಲ ಆ ಹುಡುಗಿಯನ್ನು ಕರೆದುಕೊಂಡು ಹೋಯಿತು, ಜ್ವರಕ್ಕೆ ಬುದ್ಧಿಯಿಲ್ಲ, ಬಿಟ್ಟೆವು. ಎರಡನೆಯ ಸಲ ಕರೆದುಕೊಂಡು ಹೋಗಿದ್ದಕ್ಕೆ ತಮ್ಮ ಕಚೇರಿ ಏನು ಕಾರಣ ಕೊಡುತ್ತದೆ?

ತಮ್ಮ ಅನುವಾದ ಸರಿಯಾಗಿಯೇ ಇರಬಹುದು. ಸ್ಪೇನಿನಲ್ಲಿ ಯಾರೋ ಯಾರಿಗೋ ಹಾಗೆ ಹೇಳಿರಬಹುದು, ಅವರವರ ಸಂಸಾರ. ಆದರೆ ನಮ್ಮ ಕಡೆ ಪದ್ಯ ಹಾಡಿದವರದ್ದಾದರೂ ಅರ್ಥ ಹೇಳಲು ಕೂತವರದ್ದು. ಅದು ನಮ್ಮ ಪದ್ಧತಿ. ಅದನ್ನು ಯಾವ ಸ್ವರೂಪದಲ್ಲಿ ಸೇರಿಸುತ್ತೀರೋ ಸೇರಿಸಿಕೊಳ್ಳಿ. ಪಾಪ್ ಎನ್ನಿ, ಬಲ್ಲಾಡ್ ಎನ್ನಿ, ದಂಡ ಹಾಕಿ, ಕಾರ್ಯಕ್ರಮದ ಹೊತ್ತು ಬದಲಿಸಿ ಎನ್ನಿ, ನಾನು ಸಹಿ ಹಾಕುತ್ತೇನೆ. ಬೇಕಾದರೆ ನನ್ನ ಯಜಮಾನರನ್ನು ತಮ್ಮ ಸಲಹಾ ಸಮಿತಿಗೆ ತೆಗೆದುಕೊಳ್ಳಿ, ಮನೆಯಲ್ಲಿ ನನಗೂ ಸ್ವಲ್ಪ ಉಸಿರಾಡಲು ಆಗುತ್ತದೆ.

ನನಗೆ ಬೇಕಾದದ್ದು ಒಂದೇ ಕಾಗದ. ತಮ್ಮ ಕಚೇರಿಯ ಹಾಳೆಯಲ್ಲಿ, ತಮ್ಮ ಸಹಿ ಮಾಡಿ, ಅದೇ ಗೋಲ ಸೀಲು ಹೊಡೆದು, ಶ್ರೀಮತಿ ಅನ್ನಪೂರ್ಣವ್ವನವರ ಹೆಸರಿಗೇ ಬರೆಯಿರಿ: ‘ಸದರಿ ಹಾಡಿಗೆ ಈ ಕಚೇರಿಯಿಂದ ಕಳಿಸಲಾದ ಅರ್ಥ ತಪ್ಪಾಗಿರುತ್ತದೆ. ಹಾಡಿನಲ್ಲಿ ಹಾಗೆ ಹೇಳಿರುವುದಿಲ್ಲ.’ ಇದು ಸುಳ್ಳು ಎಂದು ಹಿಂಜರಿಯಬೇಡಿ. ನಮ್ಮೂರ ರಸ್ತೆ ಪೂರ್ಣಗೊಂಡಿರುತ್ತದೆ ಎಂದು ಸರ್ಕಾರದ್ದೇ ಸೀಲಿರುವ ಕಾಗದ ನನ್ನ ಹತ್ತಿರ ಇದೆ, ಅಷ್ಟರ ಮುಂದೆ ಇದು ಏನೂ ಅಲ್ಲ. ಪೇಪರಿಗೂ ಕೊಟ್ಟಿರುವ ಈ ಬಹಿರಂಗ ಪತ್ರ ಅನ್ನಪೂರ್ಣವ್ವನವರ ಕಣ್ಣಿಗೆ ಬಿದ್ದೀತೆಂಬ ಚಿಂತೆಯೂ ಬೇಡ. ಇದು ಅಚ್ಚಾದ ದಿನದ ಪೇಪರಿನಲ್ಲಿ ನಾವು ಹಪ್ಪಳ ಕಟ್ಟಿಬಿಡುತ್ತೇವೆ. ತಮ್ಮ ಕಾಗದವನ್ನು ಮಾತ್ರ ಬೇಗ ಕಳಿಸಿ, ಹಲಸಿನ ಕಾಲ ಮುಗಿಯುವುದರೊಳಗೆ.

ಹಾಗಾದರೆ ಹಾಡಿನಲ್ಲಿ ಏನು ಹೇಳಿದೆ ಎಂದು ಬರೆಯಲು ಹೋಗಬೇಡಿ. ಅದನ್ನು ಅವರು ಹೇಳುತ್ತಾರೆ.

ಇಂತಿ,
ಸ್ಪ್ಯಾನಿಷ್ ಒಂದಕ್ಷರ ಬಾರದೆ ಸುಖವಾಗಿದ್ದ,
ದೇವಕಿ ವೆಂಕಟ್ರಮಣ ಹೆಗಡೆ
ಹಪ್ಪಳದ ಶೆಡ್ಡು, ಹುಲಗೋಳ